ಗಿಟಾರ್ ಒಳಗಿನ ಬ್ರೇಸ್‌ಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಿಟಾರ್ ತಯಾರಿಕೆ ಕುರಿತು ಬಂದ ಲೇಖನ ಓದಿದೆ. ಬೀಟೆ ಮರದ ಬಗ್ಗೆ ಬರೆದದ್ದೆಲ್ಲ ಸರಿಯಾಗಿದೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆ ಹಿಡಿಯಿತು. ಇವತ್ತು ದೇಶವಿದೇಶದ ಗಿಟಾರ್‌ಗಳ ಬೆನ್ನಿಗೂ ಪಕ್ಕಗಳಿಗೂ ನಮ್ಮ ಕಡೆಯ ಬೀಟೆ ಬಳಕೆಯಾಗುತ್ತಿರುವುದು ನಿಜ. ಆದರೆ ಒಳ್ಳೆಯ ಬೀಟೆ ಸಿಕ್ಕರೆ ಒಳ್ಳೆಯ ಗಿಟಾರ್ ಆದಂತೆಯೇ ಎಂಬ ಧಾಟಿಯನ್ನು ಒಪ್ಪುವುದು ಕಷ್ಟ. ಟಾಪ್‌ನ, ಅಂದರೆ ಗಿಟಾರ್‌ನ ಮುಂದಿನ ಹಲಗೆಯ, ಒಳಮೈಗೆ ಅಂಟಿಸುವ ಬ್ರೇಸ್‌ಗಳಿಗೆ ಇಡೀ ಲೇಖನದಲ್ಲಿ ಸಿಕ್ಕಿದ್ದು ಒಂದು ಸಾಲು. ಬಲಕ್ಕೆಂದು ಕೆಲವು ಪಟ್ಟಿಗಳನ್ನು ಅಂಟಿಸುತ್ತಾರೆ ಎಂಬಷ್ಟು. ಆನ್‌ಲೈನ್‌ನಲ್ಲಿ ಕಿಟ್ ತರಿಸಿಕೊಂಡು ಮನೆಯಲ್ಲೇ ಗಿಟಾರ್ ಕಟ್ಟಲು ಕೂರುವ ಹುಡುಗರು ಈಗ ನಮ್ಮಲ್ಲೂ ಇದ್ದಾರೆ. ಅವರ ಕೆಲಸ ಕೆಡುವುದು ಬಹುಪಾಲು ಈ ಪಟ್ಟಿಗಳಲ್ಲೇ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾದರೂ.

ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ತೋರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದ. ಅದರ ಬೆನ್ನು, ಪಕ್ಕ ಎರಡೂ ಕಾಗದದ ರಟ್ಟಿನವು. ಟಾಪ್ ಮಾತ್ರ ಸರಿಯಾದ ಮರದ್ದು, ಅದರಡಿ ಅವನದೇ ಕ್ರಮದ ಬ್ರೇಸ್‌ಗಳು. ನಾದಕ್ಕೆ ಟಾಪ್ ಮುಖ್ಯ ಎಂದು ತೋರಿಸಲೆಂದೇ ಮಾಡಿದ್ದು. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಆ ವಾದ್ಯ ಈಗಲೂ ಇದೆ. ಬೀಟೆಯ ಬಣ್ಣ, ತೂಕ, ಗಡಸುತನಕ್ಕೆ ಅದರದೇ ಪಾತ್ರವಿದೆ, ಇಲ್ಲವೆನ್ನುವುದಿಲ್ಲ. ಆದರೆ ಟಾಪ್ ಅದುರುವುದು ಹೇಗೆ, ಎಷ್ಟು ವರ್ಷ ತಾಳುತ್ತದೆ ಎನ್ನುವುದನ್ನು ನಿರ್ಧರಿಸುವುದು ಬ್ರೇಸ್.

ಲೈಟ್ ಗೇಜ್, ಅಂದರೆ ತೆಳು, ಸ್ಟೀಲ್ ತಂತಿಯ ಒಂದು ಸೆಟ್ ಶ್ರುತಿಗೆ ಬಂದಾಗ ಎಳೆಯುವ ಬಲ ಹತ್ತಿರಹತ್ತಿರ 75 ಕೆ.ಜಿ. ನೈಲಾನ್ ತಂತಿಗಳದ್ದು ಸುಮಾರು 40. ಇಷ್ಟನ್ನು ತಡೆಯಬೇಕಾದ ಸ್ಪ್ರೂಸ್ (ಶೀತ ದೇಶಗಳ ಹಗುರ ಮರ) ಟಾಪ್‌ನ ದಪ್ಪ ಎರಡೂವರೆಯಿಂದ ಮೂರು ಮಿ.ಮೀ. ತಂತಿಗಳು ತಮ್ಮನ್ನು ಟಾಪ್‌ಗೆ ಹಿಡಿದಿಡುವ ಬ್ರಿಡ್ಜನ್ನು ಬರೀ ಮುಂದಕ್ಕೆ ಎಳೆಯುವುದಿಲ್ಲ, ಮುಂದಕ್ಕೆ ಮಗುಚಲು ನೋಡುತ್ತವೆ. ಆಗ ಬ್ರಿಡ್ಜ್‌ನ ಹಿಂದೆ ಟಾಪ್ ಉಬ್ಬುತ್ತದೆ, ಮುಂದೆ ಸೌಂಡ್ ಹೋಲ್ (ಟಾಪ್‌ನ ದುಂಡು ತೂತು) ಕಡೆ ಕುಸಿಯುತ್ತದೆ. ಹಂಚಿನ ಮಾಡಿಗೆ ಪಕ್ಕಾಸು, ರೀಪು ಹೇಗೋ ಟಾಪ್‌ಗೆ ಬ್ರೇಸ್ ಹಾಗೆ. ವ್ಯತ್ಯಾಸ ಏನೆಂದರೆ ಈ ಮಾಡು ಅಲ್ಲಾಡಲೂ ಬೇಕು. ದಪ್ಪ ಪಟ್ಟಿ ಜಡಿದರೆ ಗಿಟಾರ್ ನೂರು ವರ್ಷ ಬಾಳುತ್ತದೆ, ಕೇಳುವವರಿರುವುದಿಲ್ಲ.

ಸ್ಟೀಲ್ ತಂತಿಯ ಗಿಟಾರ್‌ಗೆ ಈಗ ರೂಢಿಯಲ್ಲಿರುವುದು ಎಕ್ಸ್ ಆಕಾರದ ಬ್ರೇಸಿಂಗ್. 1840ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಾಗ ಅದು ಕರುಳಿನ ತಂತಿಯ ಗಿಟಾರ್‌ಗಳಿಗಿತ್ತು. 1920ರ ದಶಕದಲ್ಲಿ ಸ್ಟೀಲ್ ತಂತಿ ಮಾಮೂಲಾದ ಮೇಲೆ ಅದರ ನಿಜವಾದ ಬೆಲೆ ತಿಳಿಯಿತು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿರುವುದು ತೋರೆಸ್ ನೆಲೆಗೊಳಿಸಿದ ಬೀಸಣಿಗೆ ಕ್ರಮ, ಸಾಮಾನ್ಯವಾಗಿ ಏಳು ತೆಳು ಪಟ್ಟಿಗಳು. ಕ್ಲಾಸಿಕಲ್ ಗಿಟಾರ್‌ಗೆ 'ದನಿ ಜೋರಾಗಲಿ' ಎಂದು ಸ್ಟೀಲ್ ತಂತಿ ಏರಿಸುವವರು 40 ಕೆ.ಜಿ.ಗೆ ಲೆಕ್ಕ ಹಾಕಿದ ಪಟ್ಟಿಗಳ ಮೇಲೆ 75 ಕೆ.ಜಿ. ಹೇರುತ್ತಿದ್ದಾರೆ. ಬ್ರಿಡ್ಜ್ ಕಿತ್ತು ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೊದಲು ಬ್ರೇಸ್‌ನ ಮರದ ವಿಚಾರ. ಇಲ್ಲಿ ತೇಗ ಹಾಕುವ ಚಾಳಿ ಇದೆ, ತೇಗ ಗಟ್ಟಿ ಎಂಬ ನಂಬಿಕೆಯಿಂದ. ತೇಗ ಮತ್ತು ಸಿಟ್ಕಾ ಸ್ಪ್ರೂಸ್ ಎರಡರ ಬಿಗುವೂ (ಬಾಗದೆ ನಿಲ್ಲುವ ಗುಣ) ಹೆಚ್ಚುಕಡಿಮೆ ಒಂದೇ. ತೂಕ ಮಾತ್ರ ತೇಗದ್ದು ಒಂದೂವರೆ ಪಟ್ಟು. ಅಷ್ಟೇ ಬಿಗುವಿಗೆ ಅರ್ಧದಷ್ಟು ಹೆಚ್ಚು ಭಾರವನ್ನು ಟಾಪ್ ಹೊತ್ತು ಅದುರಬೇಕಾಗುತ್ತದೆ. ಸ್ಪ್ರೂಸ್ ತರಿಸಿಕೊಳ್ಳುವುದೇ ಒಳ್ಳೆಯದು, ಬ್ರೇಸ್‌ಗೆ ಬೇಕಾಗುವುದೂ ಸ್ವಲ್ಪವೇ.

ತರಿಸಿದ ಮರವನ್ನು ಗರಗಸದಿಂದ ನೇರ ಕೊಯ್ಯಬೇಡಿ. ತುಂಡಿನ ತುದಿಗೆ ಅಗಲ ಉಳಿ ಇಟ್ಟು ಕೊಡತಿಯಿಂದ ಹೊಡೆದು ಸೀಳಿ. ಸೀಳು ಹೋದ ದಾರಿಯೇ ಮರದ ಎಳೆಯ, ಅಂದರೆ ನಾರಿನ, ದಾರಿ. ಆ ಮುಖವನ್ನು ಉಜ್ಜುಗೊರಡಿನಿಂದ ಸಮ ಮಾಡಿಕೊಂಡು, ಅದನ್ನೇ ಆಧಾರವಾಗಿಟ್ಟು ಉಳಿದ ಮುಖಗಳನ್ನು ಗರಗಸದಲ್ಲಿ ಕೊಯ್ಯಬಹುದು. ಕಿಟ್‌ಗಳಲ್ಲಿ ಬರುವ ಪಟ್ಟಿಗಳು ನೋಡಲು ನುಣುಪಾಗಿರುತ್ತವೆ, ಎಳೆಗಳು ಮಾತ್ರ ಓರೆಯಾಗಿ ಪಕ್ಕದಿಂದ ಹೊರಗೆ ಹೋಗಿರುತ್ತವೆ. ಒಂದು ಅಡಿ ಉದ್ದದಲ್ಲಿ ಎಳೆ 6 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಆ ಪಟ್ಟಿಯನ್ನು ಪಕ್ಕಕ್ಕಿಡಿ. ಕೆತ್ತಿ ತೆಳುವಾದ ಮೇಲೆ ಅದು ಸೀಳುವುದು ಅಲ್ಲೇ. ಇನ್ನು ತುದಿಯಲ್ಲಿ ಕಾಣುವ ವರ್ಷದ ಗೆರೆಗಳು ಟಾಪ್‌ಗೆ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು.

ಡ್ರೆಡ್‌ನಾಟ್ ಎಂಬ ದೊಡ್ಡ ಗಾತ್ರದ ಗಿಟಾರ್‌ಗೆ ಎಕ್ಸ್‌ನ ಎರಡು ಪಟ್ಟಿಗಳು 8 ಮಿ.ಮೀ. ಅಗಲ, 15–16 ಮಿ.ಮೀ. ಎತ್ತರ ಇಟ್ಟುಕೊಂಡು ಶುರು ಮಾಡಬಹುದು. ಬ್ರಿಡ್ಜ್‌ನ ಹಿಂದೆ ಓರೆಯಾಗಿ ಹೋಗುವ ಎರಡು ಟೋನ್ ಬಾರ್‌ಗಳಿಗೂ, ಎಕ್ಸ್‌ನ ಕಾಲಿನಿಂದ ಪಕ್ಕಕ್ಕೆ ಹೊರಡುವ ಚಿಕ್ಕ ಪಟ್ಟಿಗಳಿಗೂ 6 ಮಿ.ಮೀ. ಅಗಲ ಸಾಕು. ಸೌಂಡ್ ಹೋಲ್‌ನ ಮೇಲ್ಗಡೆ ಅಡ್ಡಲಾಗಿ ಬರುವ ಪಟ್ಟಿಗೆ ಹತ್ತು, ಹನ್ನೆರಡು ಮಿ.ಮೀ. ಅಗಲ ಬೇಕು, ಏಕೆಂದರೆ ನೆಕ್‌ನ (ಗಿಟಾರ್‌ನ ಕತ್ತಿನ) ಒತ್ತಡ ನೇರ ಅದರ ಮೇಲೆ. ಎಕ್ಸ್‌ನ ಕೋನ 95ರಿಂದ 100 ಡಿಗ್ರಿಯೊಳಗೆ. ಟಾಪ್‌ನ ಒಳಮೈಯಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕುವಾಗ ಬ್ರಿಡ್ಜ್ ಕೂರುವ ಜಾಗವನ್ನೂ ಬರೆದುಕೊಳ್ಳಿ. ಎಕ್ಸ್‌ನ ಕಾಲುಗಳು ಬ್ರಿಡ್ಜ್‌ನ ಎರಡೂ ರೆಕ್ಕೆಗಳ ಅಡಿಯಲ್ಲೇ ಹಾದುಹೋಗಬೇಕು. ಹೊರಗೆ ತಪ್ಪಿಹೋದರೆ ಬ್ರಿಡ್ಜ್‌ಗೆ ಕೆಳಗೆ ಆಧಾರವೇ ಇರುವುದಿಲ್ಲ. ಆರು ತಿಂಗಳಲ್ಲೇ ಉಬ್ಬು ಕಾಣುತ್ತದೆ.

ಇನ್ನು ಕಮಾನು. ಟಾಪ್ ನೋಡಲು ಚಪ್ಪಟೆ ಎನಿಸಿದರೂ ಚಪ್ಪಟೆಯಲ್ಲ. 28 ಅಡಿ ತ್ರಿಜ್ಯದ ಗೋಳದ ಒಂದು ಚೂರು ಎಂದುಕೊಳ್ಳಿ. ಬೆನ್ನು ಇನ್ನೂ ಹೆಚ್ಚು, 15 ಅಡಿ. ಬ್ರೇಸ್‌ನ ಅಂಟುವ ಮುಖಕ್ಕೂ ಇದೇ ಕಮಾನು ಬರಬೇಕು. 400 ಮಿ.ಮೀ. ಉದ್ದದ ಪಟ್ಟಿಯಲ್ಲಿ ನಡುವಿಗೂ ತುದಿಗೂ ಇರುವ ವ್ಯತ್ಯಾಸ ಟಾಪ್‌ಗೆ 2.3 ಮಿ.ಮೀ., ಬೆನ್ನಿಗೆ 4.4 ಮಿ.ಮೀ. ತಗ್ಗು ತಟ್ಟೆಯಂಥ ರೇಡಿಯಸ್ ಡಿಶ್ ಇದ್ದರೆ ಅದಕ್ಕೆ 80 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ ಪಟ್ಟಿಯನ್ನು ಉದ್ದಕ್ಕೇ ಹಿಂದೆಮುಂದೆ ಆಡಿಸಿದರಾಯಿತು. ಡಿಶ್ ಇಲ್ಲದವರು 6 ಮಿ.ಮೀ. ಪ್ಲೈವುಡ್‌ನಲ್ಲಿ ಅಚ್ಚು ಮಾಡಿಕೊಳ್ಳಬಹುದು: ನಡುವೆ ಒಂದು ಮೊಳೆ, ಅಲ್ಲಿಂದ ಎರಡೂ ಬದಿಗೆ 100 ಮಿ.ಮೀ. ದೂರದಲ್ಲಿ 0.6 ಮಿ.ಮೀ. ಕೆಳಗೆ ಒಂದೊಂದು, 200 ಮಿ.ಮೀ. ದೂರದಲ್ಲಿ 2.3 ಮಿ.ಮೀ. ಕೆಳಗೆ ಒಂದೊಂದು. ತೆಳು ಸ್ಟೀಲ್ ಸ್ಕೇಲನ್ನು ಮೊಳೆಗಳಿಗೆ ಬಾಗಿಸಿ ಗೆರೆ ಎಳೆದರೆ ಕಮಾನು ಸಿಕ್ಕಿತು.

ಮೇಲಿನ ಅಡ್ಡಪಟ್ಟಿಗೆ ಮಾತ್ರ ಈ ಕಮಾನು ಕೊಡಬೇಡಿ. ಚಪ್ಪಟೆಯೋ ಇಲ್ಲವೇ ನಾಮಕಾವಾಸ್ತೆ ಬಾಗೋ ಇರಲಿ. ಬೆರಳೊತ್ತುವ ಹಲಗೆಯಾದ ಫ್ರೆಟ್‌ಬೋರ್ಡ್‌ನ ತುದಿ ಕೂರುವುದು ಅಲ್ಲಿ. ಅಲ್ಲಿ ಟಾಪ್ ಉಬ್ಬಿದ್ದರೆ 14ನೇ ಫ್ರೆಟ್‌ನಿಂದಾಚೆ ಬೋರ್ಡ್ ಮೇಲೆದ್ದು ತಂತಿ ಬಡಿಯುತ್ತದೆ. ಆಮೇಲೆ ನೆಕ್‌ನ ಟ್ರಸ್ ರಾಡ್ (ಒಳಗಿರುವ, ಬಾಗು ಸರಿಪಡಿಸುವ ಸರಳು) ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಎಕ್ಸ್‌ನ ನಡುವಿನ ಜೋಡಣೆ ಕಮಾನಿಗಿಂತ ಮೊದಲು ಆಗಬೇಕು. ಎರಡೂ ಪಟ್ಟಿಗಳಲ್ಲಿ ಎತ್ತರದ ಅರ್ಧದಷ್ಟು ಕಚ್ಚು, ಒಂದರಲ್ಲಿ ಮೇಲಿನಿಂದ, ಇನ್ನೊಂದರಲ್ಲಿ ಕೆಳಗಿನಿಂದ. ಗರಗಸವನ್ನು ಗೆರೆಯ ಒಳಬದಿಗೆ ಓಡಿಸಿ, ಗೆರೆಯವರೆಗೆ ಉಳಿಯಿಂದ ತೆಗೆಯಿರಿ. ಹೆಬ್ಬೆರಳಿನಲ್ಲಿ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾಯಿತೆಂದರೆ ಪಟ್ಟಿ ಸೀಳುತ್ತದೆ, ತಾನಾಗಿ ಜಾರಿದರೆ ಸಡಿಲ. ಕೂತ ಮೇಲೆ ಎರಡನ್ನೂ ಜೊತೆಗೂಡಿಸಿಯೇ ಡಿಶ್ ಮೇಲೆ ಕಮಾನು ತೆಗೆದರೆ ಎರಡರ ಅಡಿಯೂ ಒಂದೇ ಮಟ್ಟಕ್ಕೆ ಬರುತ್ತದೆ. ಬೇರೆಬೇರೆಯಾಗಿ ಕಮಾನು ತೆಗೆದು ಆಮೇಲೆ ಕಚ್ಚು ಹೊಡೆದವರ ಗಿಟಾರ್‌ನಲ್ಲಿ ಒಂದು ಪಟ್ಟಿ ನಡುವೆ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ, ಆ ಸಂದಿಗೆ ಅಂಟು ತುಂಬಿರುತ್ತಾರೆ. ಕಚ್ಚು ಮೇಲ್ಮುಖವಾಗಿ ತೆರೆದಿರುವ ಪಟ್ಟಿ ಆ ಜಾಗದಲ್ಲಿ ತೀರಾ ಬಲಹೀನ. ಅದರ ಮೇಲೆ ಅಂಟಿನಲ್ಲಿ ಅದ್ದಿದ ಬಟ್ಟೆಯ ತುಂಡನ್ನೋ, ಒಂದೂವರೆ ಮಿ.ಮೀ. ಸ್ಪ್ರೂಸ್ ಮುಚ್ಚಳವನ್ನೋ ಅಂಟಿಸುವುದು ಕಡ್ಡಾಯ. ಹಳೆಯ ಗಿಟಾರ್‌ಗಳ ಒಳಗೆ ಕಾಣುವ ಬಟ್ಟೆಯ ತೇಪೆ ಇದೇ.

ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಟಾಪನ್ನು ಡಿಶ್‌ನಲ್ಲಿಟ್ಟು, ಗೆರೆಯ ಮೇಲೆ ಸೀಮೆಸುಣ್ಣ ಸವರಿ, ಪಟ್ಟಿ ಇಟ್ಟು ಕೂದಲೆಳೆಯಷ್ಟು ಅಲುಗಿಸಿ ಎತ್ತಿ. ಸುಣ್ಣ ಹತ್ತಿದ ಕಡೆ ಎತ್ತರ, ಹತ್ತದ ಕಡೆ ತಗ್ಗು. ತುದಿಯಿಂದ ತುದಿಗೆ ಒಂದೇ ಸಮ ಬೆಳ್ಳಗಾಗುವವರೆಗೆ ಎತ್ತರವಿದ್ದಲ್ಲಿ ಮಾತ್ರ ತೆಗೆಯುತ್ತ ಬನ್ನಿ. ಹಿಂದೆ ಟಾರ್ಚ್ ಹಿಡಿದರೆ ಬೆಳಕಿನ ಗೆರೆ ಕಾಣಬಾರದು. ಸಂದಿಯನ್ನು ಕ್ಲಾಂಪ್ ಬಿಗಿದು ಮುಚ್ಚಿದರಾಯಿತು ಎನ್ನುವವರಿದ್ದಾರೆ. ಬಿಗಿದು ಮುಚ್ಚಿದ ಪಟ್ಟಿ ಒಳಗೊಳಗೇ ಸ್ಪ್ರಿಂಗಾಗಿ ತುದಿಯಲ್ಲಿ ಬಿಡಿಸಿಕೊಳ್ಳಲು ನೋಡುತ್ತಲೇ ಇರುತ್ತದೆ. ಮೊದಲ ಬೇಸಿಗೆಯಲ್ಲೋ ಮೊದಲ ಮಳೆಗಾಲದಲ್ಲೋ ಬಿಡಿಸಿಕೊಳ್ಳುತ್ತದೆ ಕೂಡ.

ಮಳೆಗಾಲ ಎಂದೆ. ನಮ್ಮ ಕರಾವಳಿಯವರು ಇದೊಂದನ್ನು ಗಮನವಿಟ್ಟು ಓದಬೇಕು. ಸ್ಪ್ರೂಸ್ ಹಿಗ್ಗುವುದು, ಕುಗ್ಗುವುದು ಎಳೆಗೆ ಅಡ್ಡಲಾಗಿ. ಎಳೆಯುದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಬ್ರೇಸ್‌ಗಳು ಟಾಪ್‌ನ ಎಳೆಗೆ ಅಡ್ಡವಾಗಿಯೋ ಓರೆಯಾಗಿಯೋ ಇರುತ್ತವೆ. ಅಂದರೆ ಟಾಪ್ ಅಗಲವಾಗಲು, ಕಿರಿದಾಗಲು ಹೊರಟಾಗ ಬ್ರೇಸ್ ಬಿಡುವುದಿಲ್ಲ. ಮಂಗಳೂರಿನ ಜುಲೈ ತಿಂಗಳಲ್ಲಿ ಶೇ 80ರ ತೇವದಲ್ಲಿ ಅಂಟಿಸಿದ 400 ಮಿ.ಮೀ. ಅಗಲದ ಟಾಪ್, ತೇವ ಶೇ 45ಕ್ಕೆ ಇಳಿದಲ್ಲಿ ಸುಮಾರು 4 ಮಿ.ಮೀ. ಕುಗ್ಗಬೇಕು. ಆ ಗಿಟಾರ್ ಏಪ್ರಿಲ್‌ನಲ್ಲಿ ಕಲಬುರಗಿಗೆ ಹೋದರೆ ಕಮಾನು ಇಳಿದು ಟಾಪ್ ತಗ್ಗಾಗುತ್ತದೆ, ಆಮೇಲೆ ಎಳೆಯುದ್ದಕ್ಕೆ ಬಿರುಕು ಬಿಡುತ್ತದೆ. ಬಿರುಕು ಬಂದಾಗ ಎಲ್ಲರೂ ಮರವನ್ನು ದೂರುತ್ತಾರೆ, ಮರದ ತಪ್ಪೇನೂ ಇಲ್ಲ. ತಿರುಗಾಮುರುಗಾ ಮಾಡಿದರೆ, ಅಂದರೆ ತೀರಾ ಒಣಹವೆಯಲ್ಲಿ ಅಂಟಿಸಿ ಕರಾವಳಿಗೆ ತಂದರೆ, ಟಾಪ್ ಉಬ್ಬಿ ತಂತಿ ಎತ್ತರವಾಗುತ್ತದಷ್ಟೇ, ಬಿರುಕು ಅಪರೂಪ.

ಹಾಗಾಗಿ ಬ್ರೇಸ್ ಅಂಟಿಸುವ ಹವೆ ಶೇ 40ರಿಂದ 48ರೊಳಗಿರಬೇಕು. ಕೆಲವು ನೂರು ರೂಪಾಯಿಗೆ ಡಿಜಿಟಲ್ ಹೈಗ್ರೋಮೀಟರ್ ಸಿಗುತ್ತದೆ. ಡಿಹ್ಯುಮಿಡಿಫೈಯರ್ ಇಲ್ಲದವರು ಬಾಗಿಲು ಚೆನ್ನಾಗಿ ಮುಚ್ಚುವ ಮರದ ಕಪಾಟಿನ ತಳದಲ್ಲಿ ಹಳೆ ಕಾಲದ 40 ವಾಟ್ ಬಲ್ಬ್ ಉರಿಸಿ, ಟಾಪ್ ಮತ್ತು ಪಟ್ಟಿಗಳನ್ನು ಬಲ್ಬಿನಿಂದ ದೂರ ಮೇಲಿನ ಅರೆಯಲ್ಲಿ ಎರಡೂ ಬದಿಗೆ ಗಾಳಿಯಾಡುವಂತೆ ನಿಲ್ಲಿಸಬಹುದು. ಮೀಟರ್ 45 ತೋರಿಸಿದ ಮೇಲೂ ಮೂರ್ನಾಲ್ಕು ದಿನ ಅಲ್ಲೇ ಇರಲಿ. ಗಾಳಿ ಒಣಗಿದಷ್ಟು ಬೇಗ ಮರ ಒಣಗುವುದಿಲ್ಲ. ಹೊರಗೆ ತೆಗೆದ ಮೇಲೆ ಒಂದು ಗಂಟೆಯೊಳಗೆ ಅಂಟಿಸಿ ಮತ್ತೆ ಕಪಾಟಿಗೆ ಹಾಕಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಟ್ಟದಿರುವುದೇ ಕ್ಷೇಮ, ಆ ತಿಂಗಳುಗಳಲ್ಲಿ ನೆಕ್ ಕೆತ್ತಿಕೊಳ್ಳಬಹುದು.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡಗಿಗಳು ದಿನಬಳಕೆಗೆ ಹಾಕುವ ಬಿಳಿ ಅಂಟು ನಿರಂತರ ಎಳೆತದಲ್ಲಿ ನಿಧಾನ ಜಾರುತ್ತದೆ. ವಾದ್ಯದವರು ಬಳಸುವ ಹಳದಿ ಅಂಟು ಅಥವಾ ಬಿಸಿ ಮಾಡಿ ಹಚ್ಚುವ ಚರ್ಮದ ಅಂಟು ಬೇಕು. ಎರಡೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಗೆ ಹೆದರುತ್ತವೆ. ಅಂಟಿಸುವ ಮುಖವನ್ನು ಅದೇ ದಿನ ಉಜ್ಜುಗೊರಡು ಅಥವಾ ಸ್ಯಾಂಡ್ ಪೇಪರ್‌ನಿಂದ ಹೊಸದು ಮಾಡಿಕೊಳ್ಳಬೇಕು. ತೆಳುವಾಗಿ ಪಟ್ಟಿಗೆ ಮಾತ್ರ ಹಚ್ಚಿ, ಗೆರೆಯ ಮೇಲಿಟ್ಟು ಒತ್ತಿ. ನಾಲ್ಕೈದು ನಿಮಿಷದೊಳಗೆ ಒತ್ತಡ ಬೀಳಬೇಕು. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಒದ್ದೆ ಅಂಟಿನ ಮೇಲೆ ಪಟ್ಟಿ ಜಾರುವುದು ಮಾಮೂಲು, ಅದಕ್ಕೆ ಮೊದಲೇ ಎರಡು ಬದಿಗೂ ಚಿಕ್ಕ ಅಡ್ಡಗಟ್ಟೆ ಇಟ್ಟುಕೊಂಡಿರಬೇಕು.

ಒತ್ತಲು ಕ್ಲಾಂಪ್‌ಗಳ ಕೈ ಟಾಪ್‌ನ ನಡುವಿಗೆ ಎಟುಕುವುದಿಲ್ಲ. ಮೇಲೊಂದು ಕೆಳಗೊಂದು ದಪ್ಪ ಹಲಗೆಯನ್ನು ನಾಲ್ಕು ಬೋಲ್ಟ್ ಸರಳುಗಳ ಮೇಲೆ 60 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ, ಅದಕ್ಕಿಂತ ಎರಡು ಮೂರು ಸೆಂ.ಮೀ. ಉದ್ದದ ಬಿದಿರಿನ ಸೀಳುಗಳನ್ನು ಬಾಗಿಸಿ ಪಟ್ಟಿಗೂ ಮೇಲಿನ ಹಲಗೆಗೂ ನಡುವೆ ಸಿಕ್ಕಿಸಿದರೆ ಪ್ರತಿಯೊಂದೂ ನೆಟ್ಟಗೆ ಕೆಳಕ್ಕೆ ಒತ್ತುತ್ತದೆ. 5–6 ಸೆಂ.ಮೀ.ಗೊಂದು ಸೀಳು. ಬಿದಿರಿನ ಸೀಳು ಸಿಡಿದರೆ ಕಣ್ಣಿಗೂ ಸ್ಪ್ರೂಸ್‌ಗೂ ಅಪಾಯ, ಕನ್ನಡಕ ಹಾಕಿ. ಹೊರಗೆ ಉಕ್ಕಿದ ಅಂಟು ಕಾಲು ಗಂಟೆಯಲ್ಲಿ ಗಟ್ಟಿಮೊಸರಿನ ಹದಕ್ಕೆ ಬಂದಾಗ ಪ್ಲಾಸ್ಟಿಕ್ ಸ್ಟ್ರಾದ ತುದಿಯನ್ನು ಓರೆ ಕತ್ತರಿಸಿ ಮೂಲೆಯುದ್ದಕ್ಕೂ ತಳ್ಳಿದರೆ ಒಳಕ್ಕೆ ಬರುತ್ತದೆ. ಮೊದಲು ಎಕ್ಸ್, ನಂತರ ಅದರ ಕಾಲುಗಳ ನಡುವೆ ಕೂರುವ ಬ್ರಿಡ್ಜ್ ಪ್ಲೇಟ್ (ಬ್ರಿಡ್ಜ್‌ನ ಅಡಿಗೆ ಅಂಟಿಸುವ ತೆಳು ಹಲಗೆ), ಆಮೇಲೆ ಟೋನ್ ಬಾರ್, ಚಿಕ್ಕಪಟ್ಟಿಗಳು, ಕೊನೆಗೆ ಮೇಲಿನ ಅಡ್ಡಪಟ್ಟಿ. ಬ್ರಿಡ್ಜ್ ಪ್ಲೇಟ್‌ಗೆ ಮೇಪಲ್ ಒಳ್ಳೆಯದು, ಎರಡೂವರೆ ಮಿ.ಮೀ.; ಬೀಟೆಯ ಚೂರು ಉಳಿದಿದ್ದರೆ ಅದೂ ಆದೀತು. ಒಂದು ಇಡೀ ದಿನ ಬಿಟ್ಟ ಮೇಲೆಯೇ ಉಳಿ ಕೈಗೆತ್ತಿಕೊಳ್ಳಿ.

ಕೆತ್ತುವಾಗ ನೆನಪಿಡಬೇಕಾದ ಲೆಕ್ಕ ಒಂದೇ. ಪಟ್ಟಿಯ ಬಿಗುವು ಅಗಲಕ್ಕೆ ನೇರ ಅನುಪಾತದಲ್ಲಿ, ಎತ್ತರಕ್ಕೆ ಘನ ಅನುಪಾತದಲ್ಲಿ. 8 ಮಿ.ಮೀ. ಅಗಲವನ್ನು 7.2ಕ್ಕೆ ಇಳಿಸಿದರೆ ಬಿಗುವು ಶೇ 10 ಕಡಿಮೆಯಾಗುತ್ತದೆ, 15 ಮಿ.ಮೀ. ಎತ್ತರವನ್ನು 13.5ಕ್ಕೆ ಇಳಿಸಿದರೆ ಶೇ 27 ಹೋಗುತ್ತದೆ. ತೂಕ ಇಳಿಯುವುದು ಎರಡರಲ್ಲೂ ಒಂದೇ, ಹತ್ತನೆಯ ಒಂದು ಪಾಲು. ಆದ್ದರಿಂದ ತೂಕ ಕಳೆಯಬೇಕಾದರೆ ಪಕ್ಕಗಳನ್ನು ಓರೆಯಾಗಿ ಇಳಿಸಿ ಗೋಪುರದಂತೆ ಮಾಡಿ. ಟಾಪ್ ಸಡಿಲವಾಗಬೇಕಾದರೆ ಮಾತ್ರ ಎತ್ತರ ಮುಟ್ಟಿ, ಅದೂ ಒಂದೊಂದೇ ಸಿಪ್ಪೆ. ಉಳಿಯ ಚಪ್ಪಟೆ ಬೆನ್ನು ಪಟ್ಟಿಯ ಮೇಲಿರಲಿ, ನಡುವಿನಿಂದ ತುದಿಯ ಕಡೆಗೆ ಓಡಿಸಿ. ಟಾಪ್‌ನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ಉಳಿ ಜಾರಿದರೂ ಸ್ಪ್ರೂಸ್ ಉಳಿಯುತ್ತದೆ.

ಸ್ಕ್ಯಾಲಪ್ ಎಂದು ಕರೆಯುವ ತಗ್ಗು-ದಿಣ್ಣೆಯ ಕೆತ್ತನೆಯ ಹುಚ್ಚು ಈಗ ಎಲ್ಲರಿಗೂ. ಮಾರ್ಟಿನ್ 1944ರ ಕೊನೆಗೆ ಅದನ್ನು ನಿಲ್ಲಿಸಿತ್ತು, ಗ್ರಾಹಕರು ದಪ್ಪ ತಂತಿ ಹಾಕಿ ಟಾಪ್ ಉಬ್ಬಿಸಿಕೊಳ್ಳುತ್ತಿದ್ದರೆಂದು. 1976ರಲ್ಲಿ ಎಚ್‌ಡಿ-28 ಮಾದರಿಯ ಜೊತೆ ಮತ್ತೆ ಬಂತು. ಮೊದಲ ಗಿಟಾರ್ ಕಟ್ಟುವವರು ಇದರ ಗೊಡವೆಗೆ ಹೋಗದೆ ನೇರ ಇಳಿಜಾರು ಮಾಡುವುದೇ ಒಳ್ಳೆಯದು. ಮಾಡಲೇಬೇಕೆಂದಿದ್ದರೆ ಎಕ್ಸ್‌ನ ಗಂಟಿನಿಂದ ಬ್ರಿಡ್ಜ್‌ನವರೆಗಿನ ಭಾಗವನ್ನು ಮುಟ್ಟಬೇಡಿ. ಭಾರವೆಲ್ಲ ಅಲ್ಲಿ. ತಗ್ಗು ಏನಿದ್ದರೂ ಬ್ರಿಡ್ಜ್ ದಾಟಿದ ಮೇಲೆ, ತುದಿಯ ಕಡೆಗೆ.

ತುದಿಗಳಲ್ಲಿ ಎಕ್ಸ್ ಪಟ್ಟಿಯನ್ನು 2ರಿಂದ 2.5 ಮಿ.ಮೀ. ಎತ್ತರಕ್ಕೆ ಇಳಿಸಿ, ಪಕ್ಕದ ಗೋಡೆಗೆ ಅಂಟಿಸಿದ ಲೈನಿಂಗ್‌ನಲ್ಲಿ ಅದೇ ಅಳತೆಯ ಕಚ್ಚು ಮಾಡಿ ಒಳಗೆ ಸೇರಿಸಬೇಕು. ಸೇರಿಸದೆ ಲೈನಿಂಗ್‌ಗಿಂತ ಮುಂಚೆಯೇ ತುದಿ ನಿಲ್ಲಿಸಿದರೆ ಮೊದಲು ಬಿಟ್ಟುಕೊಳ್ಳುವುದು ಆ ತುದಿಯೇ. ಕಚ್ಚು ದೊಡ್ಡದಾಗಿ ಸಂದಿ ಉಳಿದರೆ ಸ್ಪ್ರೂಸ್ ಚಕ್ಕೆ ತುಂಬಿ. ಅಂಟು, ಮರದ ಪುಡಿ ಕಲಸಿ ತುಂಬಿದ್ದು ನಿಲ್ಲುವುದಿಲ್ಲ. ಟೋನ್ ಬಾರ್‌ಗಳ ಕೆಳತುದಿಯನ್ನು ಕಾಗದದಷ್ಟು ತೆಳು ಮಾಡಿ ಲೈನಿಂಗ್ ಮುಟ್ಟುವ ಮೊದಲೇ ನಿಲ್ಲಿಸಬಹುದು.

ಎಷ್ಟು ಕೆತ್ತಿದರೆ ಸಾಕು? ಬೆರಳಿನಿಂದ ತಟ್ಟಿ ನಾದ ಕೇಳಿ ನಿಲ್ಲಿಸಿ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನೂರಾರು ಟಾಪ್ ತಟ್ಟಿದ ಕಿವಿಗೆ ಅದು ಸರಿ, ಹೊಸಬರಿಗೆ ಬರೀ ಗೊಂದಲ. ಅಳೆಯುವ ದಾರಿ ಇದೆ. ಸ್ವಲ್ಪ ಗಟ್ಟಿಯಾಗಿಯೇ ಬಿಟ್ಟು ಗಿಟಾರ್ ಮುಚ್ಚಿ. ತಂತಿ ಹಾಕುವ ಮೊದಲು ಬ್ರಿಡ್ಜ್ ಮೇಲೆ ಡಿಜಿಟಲ್ ಕೋನಮಾಪಕ ಇಟ್ಟು ಸೊನ್ನೆ ಮಾಡಿ, ಶ್ರುತಿ ಮಾಡಿ ಒಂದು ದಿನ ಬಿಟ್ಟು ಮತ್ತೆ ನೋಡಿ. ಬ್ರಿಡ್ಜ್ ಸುಮಾರು 2 ಡಿಗ್ರಿ ಮುಂದಕ್ಕೆ ವಾಲಿದ್ದರೆ ಹದವಾಗಿದೆ. ಒಂದಕ್ಕಿಂತ ಕಡಿಮೆ ಇದ್ದರೆ ಸೌಂಡ್ ಹೋಲ್‌ನಿಂದ ಕೈ ಹಾಕಿ ಹೆಬ್ಬೆರಳಿನಷ್ಟೇ ಗಾತ್ರದ ಉಜ್ಜುಗೊರಡಿನಿಂದ ಟೋನ್ ಬಾರ್‌ಗಳ ಎತ್ತರ ಇಳಿಸಬಹುದು. 3 ಡಿಗ್ರಿ ದಾಟಿದ್ದರೆ ಇಳಿಸಿದ ಮರವನ್ನು ಮತ್ತೆ ಕೂರಿಸಲಾಗದು. ತೆಳು ತಂತಿಗೆ ಇಳಿಯುವುದೇ ದಾರಿ.

ಕೊನೆಯದಾಗಿ, ಅಂಗಡಿಯಲ್ಲಿ ಹೊಸತೋ ಹಳತೋ ಗಿಟಾರ್ ಕೊಳ್ಳುವವರಿಗೆ. ಬೀಟೆಯ ಹೊಳಪು ನೋಡುವ ಮೊದಲು ಮೊಬೈಲ್‌ನ ಟಾರ್ಚ್ ಹಾಕಿ, ಸೌಂಡ್ ಹೋಲ್‌ನೊಳಗೆ ಚಿಕ್ಕ ಕನ್ನಡಿ ತೂರಿಸಿ ಬ್ರೇಸ್‌ಗಳ ಬುಡ ನೋಡಿ. ಟಾಪನ್ನು ಬೆರಳ ಗಂಟಿನಿಂದ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಬಿಟ್ಟ ಪಟ್ಟಿ ಇರುವಲ್ಲಿ ಕಟಕಟ ಎಂಬ ಒಡಕು ಸದ್ದು ಬರುತ್ತದೆ. ಅನುಮಾನವಿದ್ದರೆ ವಿಸಿಟಿಂಗ್ ಕಾರ್ಡ್‌ನ ಮೂಲೆಯನ್ನು ಬುಡಕ್ಕೆ ತೂರಿಸಿ ನೋಡಿ. ಒಳಗೆ ಹೋಯಿತೆಂದರೆ ಬಿಟ್ಟಿದೆ. ಹಾಗೆಂದು ಫೆವಿಕ್ವಿಕ್ ಸುರಿಯಬೇಡಿ. ಅದು ಸಂದಿಯ ಅಂಚಿನಲ್ಲೇ ಗಟ್ಟಿಯಾಗಿ ಒಳಗೆ ಸರಿಯಾದ ಅಂಟು ಹೋಗುವ ದಾರಿಯನ್ನೂ ಮುಚ್ಚಿಬಿಡುತ್ತದೆ, ಆಮೇಲೆ ಪಟ್ಟಿಯನ್ನೇ ಕಿತ್ತು ಬೇರೆ ಹಾಕಬೇಕಾಗುತ್ತದೆ. ತಂತಿ ಪೂರ್ತಿ ಸಡಿಲಿಸಿ, ತೆಳು ಸ್ಟೀಲ್ ಪಟ್ಟಿಯಲ್ಲಿ ಹಳದಿ ಅಂಟನ್ನು ಒಳತನಕ ದೂಡಿ, ಒಳಗಿನಿಂದ ಚಿಕ್ಕ ಸ್ಕ್ರೂ ಜಾಕ್ ಕೊಟ್ಟು ಹೊರಗಿನಿಂದ ಹಲಗೆ ಚೂರು ಒತ್ತಿ ಒಂದು ದಿನ ಬಿಟ್ಟರೆ ಆ ಕೆಲಸ ಮುಗಿಯುತ್ತದೆ.

ಇಂತಿ,
ತಂತಿವಾದ್ಯ ತಯಾರಕ, ದುರಸ್ತಿಗಾರ
ಮಂಗಳೂರು